ಹೊಳೆಯುವ ಕಡೆಗೆ ಕುಂಕುಮ

ನಮ್ಮ ಮಾವನವರ ಕಂಪ್ಯೂಟರು ಧೂಳಿನಿಂದ ಕೆಟ್ಟಿದ್ದಕ್ಕಿಂತ ಹೆಚ್ಚಾಗಿ ಕುಂಕುಮದಿಂದ ಕೆಟ್ಟಿತ್ತು. ಪ್ರತಿ ಆಯುಧಪೂಜೆಗೂ ಕಾರು, ಸ್ಕೂಟರು, ನೀರಿನ ಮೋಟರು, ಮಿಕ್ಸಿ ಎಲ್ಲ ಮುಗಿದ ಮೇಲೆ ಅದರ ಸರದಿ. ಮಾವ ಗಂಧ ತೇದು ತಂದು, ಆ ಡಬ್ಬದ ಹಣೆ ಎಂದು ತಮಗೆ ತೋರಿದ ಜಾಗಕ್ಕೆ ಬೊಟ್ಟಿಟ್ಟು, ಮೇಲೆ ಕುಂಕುಮ ಹಚ್ಚುತ್ತಿದ್ದರು. ಅವರ ಪ್ರಕಾರ ಅದರ ಹಣೆ ಎಂದರೆ ಡಿಸ್ಕ್ ಹಾಕುವ ತಟ್ಟೆಯ ಬಾಗಿಲು. ಬೆರಳಲ್ಲಿ ಮಿಕ್ಕ ಗಂಧ ಕೆಳಗಿನ ಪೆನ್‌ಡ್ರೈವ್ ತೂತುಗಳಿಗೆ. ಒಂದು ವರ್ಷದ್ದು ಒಣಗಿದ ಮೇಲೆ ಇನ್ನೊಂದು ವರ್ಷದ್ದು ಕೂತು, ನಾನು ಆ ಮನೆಗೆ ಸೊಸೆಯಾಗಿ ಹೋಗುವ ಹೊತ್ತಿಗೆ ಬಾಗಿಲು ಗಾರೆ ಮೆತ್ತಿದಂತೆ ಮುಚ್ಚಿಹೋಗಿತ್ತು. ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದರೆ ಅತ್ತೆ ತಡೆದರು. ಪೂಜೆ ಮಾಡಿದ್ದನ್ನು ಅಳಿಸಬಾರದಂತೆ.

ಮದುವೆಗೆ ಮುಂಚೆ ನಾನು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಹೆಣ್ಣು ನೋಡಲು ಬಂದಾಗ ಇದೇ ಮಾವ, ನಮಗೂ ಓದಿದ ಹುಡುಗಿಯೇ ಬೇಕು ಎಂದು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಹೇಳಿದ್ದರು. ಓದಿದ ಹುಡುಗಿ ಬೇಕಿತ್ತು, ಓದು ಬೇಕಿರಲಿಲ್ಲ. ಇದು ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಸಂಬಳದಲ್ಲಿ ಕೊಂಡಿದ್ದ ನನ್ನ ಲ್ಯಾಪ್‌ಟಾಪ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿಕೊಂಡಿತು.

ಜರಗನಹಳ್ಳಿಯ ಆ ಮನೆಯವರು ಒಂದು ಕಾಲಕ್ಕೆ ರಾಗಿ, ಅವರೆ ಬೆಳೆದವರು. ಈಗ ಹೊಲವಿದ್ದ ಕಡೆಯೆಲ್ಲ ಬಾಡಿಗೆ ಮನೆಗಳು. ನಾವಿದ್ದ ಕಟ್ಟಡದ ಕೆಳಗೆ ರಸ್ತೆಗೆ ಮುಖ ಮಾಡಿದ ಅಂಗಡಿ ಮಳಿಗೆಗಳಿದ್ದವು. ಮೂಲೆಯದನ್ನು ಒಬ್ಬ ಟೈಲರ್ ಖಾಲಿ ಮಾಡಿಕೊಂಡು ಹೋದ ದಿನದಿಂದ ನನ್ನ ಕಣ್ಣು ಅದರ ಮೇಲೆ ಬಿತ್ತು. ಅಲ್ಲೊಂದು ಕಂಪ್ಯೂಟರ್ ಕ್ಲಾಸ್ ತೆರೆಯಬೇಕು, ಸಂಜೆ ಮಕ್ಕಳಿಗೆ, ಮಧ್ಯಾಹ್ನ ಅಡುಗೆ ಮುಗಿಸಿ ಬಿಡುವಾಗುವ ಹೆಂಗಸರಿಗೆ. ಮೆಟ್ಟಿಲಿಳಿದರೆ ಅಂಗಡಿ, ಹತ್ತಿದರೆ ಮನೆ. ಅತ್ತೆಗೆ ಮೊಣಕಾಲು ನೋವು ಬಂದರೂ ಕೂಗಿದರೆ ಕೇಳಿಸುತ್ತದೆ. ಇಂಥ ಸಮಜಾಯಿಷಿಗಳನ್ನೆಲ್ಲ ಸಿದ್ಧಮಾಡಿಕೊಂಡು ಗಂಡನ ಮುಂದೆ ಹೇಳಿದೆ. ಅವರು ಅಪ್ಪನನ್ನು ಕೇಳು ಎಂದರು. ನನ್ನ ಗಂಡ ಒಳ್ಳೆಯವರು, ಯಾರಿಗೂ ಎದುರಾಡದವರು. ಆ ಒಳ್ಳೆಯತನದಿಂದ ನನಗಾದಷ್ಟು ನಷ್ಟ ಕೆಟ್ಟವರಿಂದ ಆಗಿಲ್ಲ.

ಅದೇ ಸಮಯಕ್ಕೆ ಮಾವನ ಕಂಪ್ಯೂಟರು ಕೈಕೊಟ್ಟಿತು. ಬಾಡಿಗೆ ಕರಾರುಪತ್ರಗಳೆಲ್ಲ ಅದರೊಳಗೇ ಇದ್ದವು. ಆನ್ ಮಾಡಿ ಸ್ನಾನಕ್ಕೆ ಹೋಗಿಬಂದರೂ ಅದು ಕಣ್ಣು ಬಿಟ್ಟಿರುತ್ತಿರಲಿಲ್ಲ. ಕೊನೆಗೆ ಮನೆ ಕಂದಾಯ ಕಟ್ಟುವ ಪುಟವೇ ತೆರೆಯಲಿಲ್ಲ. ಕಂಪ್ಯೂಟರು ಕೆಟ್ಟಿಲ್ಲ, ಅದರೊಳಗಿನ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ, ಹೊಸದು ಹಾಕಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ ಎಂದೆ. ಮಾವ ಊಟದ ಎಲೆಯಿಂದ ತಲೆಯೆತ್ತಿ ಎಲ್ಲರೆದುರಿಗೂ ಹೇಳಿದರು:

"ಮೊದ್ಲು ಆ ಡಬ್ಬ ಸರಿ ಮಾಡಮ್ಮ. ಆಮೇಲೆ ನಿನ್ ಅಂಗ್ಡಿ ವಿಷ್ಯ ಮಾತಾಡಣ."

ನಾನು ಅದನ್ನು ಮಾತು ಕೊಟ್ಟಂತೆ ಎಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಹಳೆಯದರ ಮೇಲೆಯೇ ಹೊಸದನ್ನು ಹಾಕುವುದು ಸುಲಭ. ಆದರೆ ಆ ಕಂಪ್ಯೂಟರಿನೊಳಗೆ ಯಾರ್ಯಾರೋ ಹಾಕಿದ ಕಸ ಬೇಕಾದಷ್ಟಿತ್ತು. ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕು ಎಂದಾಗ ಮಾವನಿಗೆ ಹಿಡಿಸಲಿಲ್ಲ. ಅವರು ಹಳೇ ಪಾಯದ ಮೇಲೆಯೇ ಮಹಡಿ ಏರಿಸುತ್ತ ಬಂದವರು, ಯಾವುದನ್ನೂ ಕೆಡವಿದವರಲ್ಲ. ಕರಾರುಪತ್ರ, ಮೊಮ್ಮಕ್ಕಳ ಫೋಟೊ ಎಲ್ಲ ಹಿಂಬದಿಯ ತೂತಿಗೆ ಪೆನ್‌ಡ್ರೈವ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ತೆಗೆದಿಟ್ಟು ತೋರಿಸಿದ ಮೇಲೆ, ರಾಹುಕಾಲ ಕಳೆದು ಶುರುಮಾಡು ಎಂದು ಅಪ್ಪಣೆ ಕೊಟ್ಟರು.

ಪೆನ್‌ಡ್ರೈವ್‌ನಿಂದ ಶುರುವಾಗುವುದು ಆ ಹಳೇ ಡಬ್ಬಕ್ಕೆ ಗೊತ್ತಿರಲಿಲ್ಲ. ಡಿಸ್ಕೇ ಬೇಕು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಈಗ ಯಾರು ಮೇಡಂ ಇದನ್ನೆಲ್ಲ ಕೇಳ್ತಾರೆ ಎಂದು ನಕ್ಕವರೇ ಎಲ್ಲ. ಕೊನೆಗೆ ಮೊಬೈಲ್ ಕವರು ಮಾರುವ ಒಬ್ಬರು ಮೇಲಿನ ಅಟ್ಟದಿಂದ ಖಾಲಿ ಡಿಸ್ಕುಗಳನ್ನು ಧೂಳು ಕೊಡವಿ ಕೊಟ್ಟರು. ಬನಶಂಕರಿ ಬಸ್ಸಿನಲ್ಲಿ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನಾನು ಆಗಲೇ ಕ್ಲಾಸಿಗೆ ಬೋರ್ಡು ಬರೆಸುತ್ತಿದ್ದೆ, ಮನಸ್ಸಿನಲ್ಲೇ.

ಮೊದಲನೆಯ ಡಿಸ್ಕನ್ನು ನನ್ನ ಗಂಡ ಹಾಳುಮಾಡಿದರು. ನಾನು ಅಡುಗೆಮನೆಯಲ್ಲಿದ್ದಾಗ ನನಗೆ ಸಹಾಯವಾಗಲಿ ಎಂದು, ನಾನು ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದ ಹೊಸ ಸಿಸ್ಟಂನ ಫೈಲನ್ನು ಹಾಗೆಯೇ ಎತ್ತಿ ಡಿಸ್ಕಿಗೆ ಕಾಪಿ ಮಾಡಿದ್ದರು. ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ಅನ್ನ ಬಡಿಸಿ ಎಂದರೆ ಅಕ್ಕಿ ಮೂಟೆಯನ್ನೇ ತಂದು ಎಲೆಯ ಮೇಲಿಟ್ಟ ಹಾಗೆ. ಆ ಫೈಲನ್ನು ಬಿಚ್ಚಿ, ಅದರೊಳಗಿರುವುದನ್ನು ಇದ್ದ ಕ್ರಮದಲ್ಲೇ ಡಿಸ್ಕಿನ ಮೇಲೆ ಬರೆಯುವ ವಿಧಾನ ಬೇರೆ ಇದೆ. ನಾನು ಎರಡನೆಯದನ್ನು ಕಡಿಮೆ ವೇಗದಲ್ಲಿ ಬರೆದೆ. ಲ್ಯಾಪ್‌ಟಾಪ್ ಗುಯ್‌ಗುಟ್ಟುತ್ತಿರುವಷ್ಟು ಹೊತ್ತೂ ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆದೆ. ಬರೆದದ್ದು ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿ, ಮೇಲ್ಭಾಗದಲ್ಲಿ ಮಾರ್ಕರಿನಿಂದ ಏನೆಂದು ಬರೆದಿಟ್ಟೆ.

ಇನ್ನು ಆ ಕುಂಕುಮದ ಬಾಗಿಲು. ಅತ್ತೆ ದೇವಸ್ಥಾನಕ್ಕೆ ಹೋಗುವುದನ್ನೇ ಕಾದೆ. ತಟ್ಟೆ ಸಿಕ್ಕಿಕೊಂಡಾಗ ಹೊರಗೆಳೆಯಲು ಅದರ ಮುಖದಲ್ಲೊಂದು ಸಣ್ಣ ತೂತಿರುತ್ತದೆ. ಸೆರಗಿನ ಪಿನ್ನು ನೆಟ್ಟಗೆ ಮಾಡಿ, ತೂತಿನ ಗಂಧವನ್ನು ಕೆರೆದು, ಒಳಗೆ ಒತ್ತಿದೆ. ತಟ್ಟೆ ಪುಡಿ ಉದುರಿಸಿಕೊಂಡು ಹೊರಬಂತು. ಒಳಗಿನ ಮಸೂರದ ಮೇಲೂ ಕೆಂಪು. ಹತ್ತಿಯಲ್ಲಿ ಮೆಲ್ಲಗೆ ಒರೆಸಿ ಡಿಸ್ಕ್ ಹಾಕಿದೆ. ಕಪ್ಪು ಪರದೆಯ ಮೇಲೆ ಡಿಸ್ಕನ್ನು ಓದುತ್ತಿದೆ ಎಂದು ತೋರಿಸುವ ಬಿಳಿ ಅಕ್ಷರದ ಒಂದು ಸಾಲು ಬಂದಾಗ ನಾನೊಬ್ಬಳೇ ನಕ್ಕೆ. ಇದ್ದುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಸಂತೋಷವೇ ಆಯಿತು. ಆ ಮನೆಯಲ್ಲಿ ಒಂದನ್ನಾದರೂ ಮೊದಲಿನಿಂದ ಶುರುಮಾಡಲು ನನಗೆ ಬಿಟ್ಟಿದ್ದರಲ್ಲ.

ಆಮೇಲೆ ಮಾವ ಬಂದು ಕೋಣೆಯ ಬಾಗಿಲಲ್ಲೇ ನಿಂತರು. ನಡುವೆ ಕಂಪ್ಯೂಟರು ತಾನಾಗಿ ಆರಿ ಹೊತ್ತಿಕೊಂಡಾಗಲೆಲ್ಲ, ಹೋಯ್ತಾ ಎಂದು ಕೇಳುತ್ತಿದ್ದರು. ಹೋಗಲಿಲ್ಲ. ಪ್ರಿಂಟರು ಒಪ್ಪಿಕೊಂಡಿತು, ಕನ್ನಡ ಅಕ್ಷರ ಮೂಡಿತು, ಕರಾರುಪತ್ರಗಳು ತಮ್ಮ ಜಾಗಕ್ಕೆ ಬಂದವು, ಕಂದಾಯದ ಪುಟ ತೆರೆಯಿತು. ಮಾವ ದುಡ್ಡು ಕಟ್ಟಿ ರಸೀದಿ ಪ್ರಿಂಟ್ ತೆಗೆದುಕೊಂಡು, ಪರವಾಗಿಲ್ವೆ ಎಂದರು. ನಾನು ಅಂಗಡಿಯ ಮಾತು ಬರುತ್ತದೆಂದು ಅಲ್ಲೇ ನಿಂತೆ. ಬಂದದ್ದು ಬೇರೆ ಮಾತು. ಯಾರಾದರೂ ತಿಳಿದವರ ಕೈಲಿ ಒಮ್ಮೆ ತೋರಿಸಿಬಿಡೋಣ ಎಂದರು.

ತಿಳಿದವರು ಬಿಟಿಎಂ ಲೇಔಟಿನಿಂದ ಬೈಕಿನಲ್ಲಿ ಬಂದರು. ಕಂಪ್ಯೂಟರ್ ರಿಪೇರಿ ಮಾಡುವವರು, ನನ್ನಷ್ಟೇ ವಯಸ್ಸು. ಕುರ್ಚಿಯಲ್ಲಿ ಕೂತು ಅಲ್ಲಿ ಇಲ್ಲಿ ಒತ್ತಿ ನೋಡಿ, ಬಹಳ ಚೊಕ್ಕವಾಗಿ ಮಾಡಿದ್ದಾರೆ, ಯಾರು ಮಾಡಿದ್ದು ಸಾರ್ ಎಂದು ಕೇಳಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ಇದ್ದೆ.

"ಮನೇಲೇ ಮಾಡ್ಕೊಂಡ್ವಿ" ಎಂದರು ಮಾವ.

ಮನೆ ಮಾಡಿತು. ಗೋಡೆ, ಕಿಟಕಿ, ಬಾಗಿಲು ಸೇರಿಕೊಂಡು ಮಾಡಿದವು. ನಾನು ಲೋಟ ಕೊಟ್ಟು ಒಳಗೆ ಹೋದೆ. ಒಳಗಿಂದಲೇ ಕೇಳಿಸಿತು, ಆ ರಿಪೇರಿಯವರು ಈ ಕಡೆ ಒಂದು ಅಂಗಡಿ ಹುಡುಕುತ್ತಿದ್ದಾರಂತೆ. ಮಾವ ಎದ್ದು ಬೀಗದ ಕೈ ತೆಗೆದುಕೊಂಡದ್ದೂ ಕೇಳಿಸಿತು. ಇಬ್ಬರೂ ಮೆಟ್ಟಿಲಿಳಿದು ಹೋದರು. ಮೇಲೆ ಬಂದಾಗ ಮೂಲೆ ಮಳಿಗೆಯ ಬಾಡಿಗೆ ಮಾತು ಮುಗಿದಿತ್ತು, ಮಾವನ ಮುಖ ಗೆಲುವಾಗಿತ್ತು. ಬಂದವರಿಗೆ ನನ್ನ ಡಿಸ್ಕೂ ಬೇಕಿತ್ತು. ಹಳೇ ಕಂಪ್ಯೂಟರುಗಳು ಇನ್ನೂ ಬರುತ್ತಲೇ ಇರುತ್ತವೆ, ಉಪಯೋಗವಾಗುತ್ತೆ ಎಂದರು. ಕೊಟ್ಟುಬಿಡಮ್ಮ ಎಂದರು ಮಾವ. ಕೊಟ್ಟೆ.

ಅವರು ಹೋದ ಮೇಲೆ ನಾನು ಕೇಳಿಯೇ ಬಿಟ್ಟೆ. ದನಿ ಏರಿತ್ತೆಂದು ಗಂಡ ಆಮೇಲೆ ಹೇಳಿದರು. ಏರಿದ್ದರೆ ಏರಲಿ. ನೀವೇ ಹೇಳಿದ್ದಿರಲ್ಲ, ಇದನ್ನು ಸರಿಮಾಡಿದರೆ ಅಂಗಡಿ ಎಂದು. ಮಾವನಿಗೆ ಸಿಟ್ಟು ಬರಲಿಲ್ಲ. ತಿಳಿಯದ ಮಗುವಿಗೆ ಬುದ್ಧಿ ಹೇಳುವಂತೆ ಮೆತ್ತಗೆ ಹೇಳಿದರು.

"ಅಂಗ್ಡಿ ಅಂದ್ಮೇಲೆ ಬಾಡ್ಗೆ ಬರ್ಬೇಕಲ್ಲಮ್ಮ. ಸೊಸೆ ಕೈಯಿಂದ ಬಾಡ್ಗೆ ಇಸ್ಕೊಂಡ್ರೆ ನಾಳೆ ಊರೋರ್ಗೆ ನಾನು ಮುಖ ತೋರ್ಸದು ಹೆಂಗೆ?"

ಅಂದರೆ ನನ್ನ ಮೇಲಿನ ಮರ್ಯಾದೆಯಿಂದಲೇ ನನಗೆ ಅಂಗಡಿ ಸಿಗಲಿಲ್ಲ. ಹೊರಗಿನವಳಾಗಿದ್ದರೆ ಬಾಡಿಗೆ ಕೊಟ್ಟು ತೆಗೆದುಕೊಳ್ಳಬಹುದಿತ್ತು. ಒಳಗಿನವಳಾದ್ದರಿಂದ ಕೇಳುವಂತಿಲ್ಲ. ಬಾಡಿಗೆ ಬೇಡ, ಹಾಗೇ ಕೊಡಿ ಎನ್ನಲು ನಾನು ಮಗನಲ್ಲ. ಗಂಡನ ಕಡೆ ನೋಡಿದೆ. ಅವರು ಫೋನು ನೋಡುತ್ತಿದ್ದರು. ಫೋನಿನ ಪರದೆ ಹೊತ್ತಿರಲಿಲ್ಲ.

ಅಂಗಡಿ ಪೂಜೆಯ ದಿನ ನನಗೂ ಕೆಲಸವಿತ್ತು. ಬಾಗಿಲಿಗೆ ರಂಗೋಲಿ ಹಾಕಿದೆ, ಆರತಿ ತಟ್ಟೆ ಹಿಡಿದು ನಿಂತೆ. ಟೈಲರಿನ ಕಾಲದ ನೂಲಿನ ಚೂರುಗಳು ಮೂಲೆಯಲ್ಲಿ ಇನ್ನೂ ಇದ್ದವು. ಹೊಸ ಬಾಡಿಗೆದಾರರು ತಮ್ಮ ಸ್ಕ್ರೂಡ್ರೈವರ್, ಬೆಸುಗೆ ಕಡ್ಡಿ ಎಲ್ಲವನ್ನೂ ತಟ್ಟೆಯಲ್ಲಿ ದೇವರ ಮುಂದಿಟ್ಟಿದ್ದರು. ಮಧ್ಯದಲ್ಲಿ ನನ್ನ ಡಿಸ್ಕು, ನನ್ನ ಅಕ್ಷರ ಮೇಲಾಗಿ. ಮಾಲೀಕರೇ ಮೊದಲು ಬೊಟ್ಟಿಡಲಿ ಎಂದು ಮಾವನನ್ನು ಕರೆದು, ಬಾಡಿಗೆದಾರರು ತಮ್ಮ ನೆಂಟರನ್ನು ಎದುರುಗೊಳ್ಳಲು ಹೊರಗೆ ಹೋದರು. ಮಾವ ಒಂದೊಂದಕ್ಕೂ ಗಂಧ, ಕುಂಕುಮ ಇಡುತ್ತ ಬಂದು ಡಿಸ್ಕಿನ ಹತ್ತಿರ ನಿಂತರು. ಮಾರ್ಕರಿನ ಗೀಚು ಅವರಿಗೆ ಗಲೀಜೆನಿಸಿರಬೇಕು. ಅದನ್ನು ಮಗುಚಿ, ಹೊಳೆಯುವ ಕಡೆಗೆ ದಂಡಿಯಾಗಿ ಹಚ್ಚಿದರು.

ಕಂಪ್ಯೂಟರು ಓದುವುದು ಆ ಕಡೆಯನ್ನೇ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳು. ಒಂದು ಮಾತು ಸಾಕಿತ್ತು. ಏನು ಎಂದು ಗಂಡ ನನ್ನ ಮುಖ ನೋಡಿ ಕೇಳಿದರು. ಏನಿಲ್ಲ ಎಂದೆ. ಆರತಿ ಎತ್ತಿದೆ.

ಕೆಲವು ದಿನ ಬಿಟ್ಟು ಅಂಗಡಿಯವರು ಆ ಡಿಸ್ಕ್ ಹಿಡಿದುಕೊಂಡು ಮೇಲೆ ಬಂದರು. ಒಣಗಿದ್ದನ್ನು ಅಂಗಿಯ ಚುಂಗಿನಲ್ಲಿ ಉಜ್ಜಿದ್ದರು. ಕುಂಕುಮ ಹೋಗಿತ್ತು, ಮೈತುಂಬ ಗೀರು ಉಳಿದಿತ್ತು. ಓದುತ್ತಿಲ್ಲ ಮೇಡಂ, ಡಿಸ್ಕ್ ಬರೆಯುವ ಡ್ರೈವ್ ಈಗ ನನ್ನ ಹತ್ತಿರ ಇಲ್ಲ, ನೀವೇ ಮಾಡಿದ್ದು ಅಂತ ನಿಮ್ಮ ಯಜಮಾನರು ಹೇಳಿದರು, ಇನ್ನೊಂದು ಮಾಡಿಕೊಡುತ್ತೀರಾ ಎಂದು ವಿನಯದಿಂದಲೇ ಕೇಳಿದರು. ಗಂಡ ಹೇಳಿದ್ದರಂತೆ. ಹೇಳಬೇಕಾದ ದಿನ ಬಿಟ್ಟು, ಹೇಳಬೇಕಾದವರನ್ನು ಬಿಟ್ಟು. ನಾನು ಬಾಯಿ ತೆರೆಯುವ ಮೊದಲೇ ಸೋಫಾದಿಂದ ಮಾವ ಉತ್ತರ ಕೊಟ್ಟರು.

"ಮಾಡ್ಕೊಡ್ತಾಳೆ ಬಿಡಿ. ಮನೇಲೇ ಇರ್ತಾಳಲ್ಲ."

"ನಂಗೆ ಬರಲ್ಲ" ಎಂದೆ. "ಅವತ್ತು ಹೇಗೋ ಆಗೋಯ್ತು."

ಅಂಗಡಿಯವರು ನನ್ನನ್ನೇ ನೋಡುತ್ತ ನಿಂತರು. ಅವರು ಆ ಕಂಪ್ಯೂಟರಿನ ಒಳಗನ್ನು ನೋಡಿದ್ದವರು, ನಂಬಿರಲಿಕ್ಕಿಲ್ಲ. ಮಾವ ಮಾತ್ರ ತಲೆಯಾಡಿಸಿ, ಹೌದೌದು, ಹಂಗೇ ಇರ್ಬೇಕು ಎಂದು ಮತ್ತೆ ಪೇಪರಿಗೆ ಹೋದರು. ಆ ಮನೆಯಲ್ಲಿ ನಾನಾಡಿದ ಇನ್ಯಾವ ಮಾತನ್ನೂ ಅವರು ಅಷ್ಟು ಬೇಗ ನಂಬಿರಲಿಲ್ಲ.