ಸೈನ್ಯದ ಚೀಟಿ ಮತ್ತು ನಮ್ಮ ಕಾಕಾ

ಅವರ ಬಿಳಿ ಗಡ್ಡದ ತುದಿಗೆ ಯಾವಾಗಲೂ ಒಂದಿಷ್ಟು ಅರಿಶಿನ ಹತ್ತಿರುತ್ತಿತ್ತು. ಓಹಾಯೋದ ಗೋವಿನಜೋಳದ ಹೊಲಗಳ ನಡುವೆ ಬೆಳೆದ, ಆರಡಿ ದಾಟಿದ ಈ ಅಮೆರಿಕನ್ ಮನುಷ್ಯ ಝುಣಕ ಭಕ್ರಿಯನ್ನು ಕೈಯಿಂದಲೇ ತಿನ್ನುತ್ತಿದ್ದರು. ತಿನ್ನುತ್ತಲೇ ಮಾತಾಡುತ್ತಿದ್ದರು, ಮಾತಾಡುತ್ತಲೇ ಗಡ್ಡ ನೀವಿಕೊಳ್ಳುತ್ತಿದ್ದರು. ಮಾವಶಿ ಬೈದು ಬೈದು ಸಾಕಾಗಿ ಕೊನೆಗೆ ಬಿಟ್ಟೇಬಿಟ್ಟಿದ್ದಳು.

ಮಾವಶಿ ಎಂದರೆ ನನ್ನ ಅವ್ವನ ದೊಡ್ಡಪ್ಪನ ಮಗಳು. ಧಾರವಾಡದಿಂದ ಟೊರಾಂಟೊದ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದವಳು, ಅಲ್ಲಿಯೇ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ ಈ ಹುಡುಗನನ್ನು ಇಷ್ಟಪಟ್ಟಳು. ಸುದ್ದಿ ಕೇಳಿ ಅವಳ ಅಪ್ಪ ಮಗಳನ್ನು ಕರೆದೊಯ್ಯಲೆಂದೇ ವಿಮಾನ ಹತ್ತಿದರು. ಹುಡುಗ ಅಷ್ಟರಲ್ಲಿ ಗುಟ್ಟಾಗಿ ಕನ್ನಡ ಕಲಿಯತೊಡಗಿದ್ದ. ಕಲಿತದ್ದು ಎಲ್ಲಿಂದ? ಮಾವಶಿಯ ತಮ್ಮ ಅಲ್ಲೇ ಓದುತ್ತಿದ್ದ. ಅವನು ಗೆಳೆಯರ ಜೊತೆ ಆಡುವ ಮಾತುಗಳಿಂದ. ವಿಮಾನ ನಿಲ್ದಾಣದಲ್ಲಿ ಧೋತರ, ಕೋಟು, ಕರಿ ಟೊಪಿಗೆಯ ಹಿರಿಯರ ಮುಂದೆ ಕೈಜೋಡಿಸಿ ನಿಂತು ಹುಡುಗ ಗಟ್ಟಿಯಾಗಿ ಹೇಳಿದನಂತೆ:

"ಬಾರಲೇ! ಆರಾಮ ಅದಿ ಏನಲೇ?"

ಮಾವಶಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಅಪ್ಪ ಒಂದು ಗಳಿಗೆ ಕಣ್ಣು ಬಿಟ್ಟು ನೋಡಿದರು. ಆಮೇಲೆ ಸೂಟ್‌ಕೇಸಿನ ಮೇಲೆ ಕುಸಿದು ಕೂತು, ಟೊಪಿಗೆ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮದುವೆ ಅಲ್ಲಿಗೇ ನಿಶ್ಚಯವಾದಂತಾಯಿತು. ಹೀಗೆ ಅವರು ನನಗೆ ಕಾಕಾ ಆದರು.

ಮುಂದೆ ಅವರು ಟೊರಾಂಟೊ ಸಮೀಪದ ಜಾರ್ಜ್‌ಟೌನಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸಕ್ಕೆ ಸೇರಿದರು. ನನ್ನ ಮಗನಿಗೆ ಕಲಿಸಿದರು. ನಲವತ್ತು ದಾಟಿದ ಮೇಲೆ, ಕೊಳದ ದಂಡೆಯ ಕಂಬಿ ಹಿಡಿದು ಚೀರುತ್ತಿದ್ದ ನನಗೂ ಕಲಿಸಿದರು. ಎಂದೂ ನೀರಿಗೆ ತಳ್ಳಿದವರಲ್ಲ. "ನೀ ಯಾವಾಗ ಕೈ ಬಿಡ್ತಿ, ಆವಾಗ ಬಿಡು. ನಂಗ ಗಡಿಬಿಡಿ ಇಲ್ಲ" ಎಂದು ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿರುತ್ತಿದ್ದರು.

ಅವರು ಕೆನಡಾಕ್ಕೆ ಬಂದದ್ದು ಯಾಕೆ ಎಂಬುದು ನಮಗೆಲ್ಲ ಸ್ಥೂಲವಾಗಿ ಗೊತ್ತಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯದ ಕರೆ ತಪ್ಪಿಸಿಕೊಂಡು ಗಡಿ ದಾಟಿದವರು. ಅದರ ಪೂರ್ತಿ ಕಥೆಯನ್ನು ಅವರ ಬಾಯಿಂದ ಕೇಳಿದ್ದು ಮಾತ್ರ ಬಹಳ ತಡವಾಗಿ, ಒಂದು ರವಿವಾರ. ನಾವಿರುವ ಎರಿನ್ ಮಿಲ್ಸ್‌ನಿಂದ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಹದಿನೇಳರ ನನ್ನ ಮಗ ಫೋನ್ ನೋಡುತ್ತ, "ಅಮ್ಮಾ, ಸೈನ್ಯಕ್ಕೆ ಕಡ್ಡಾಯವಾಗಿ ಕರೆಯೋ ಡ್ರಾಫ್ಟ್ ಇಲ್ಲೂ ವಾಪಸ್ ಬರಬಹುದಂತೆ. ಎವ್ರಿಬಡಿ ಈಸ್ ಟಾಕಿಂಗ್ ಅಬೌಟ್ ಇಟ್. ಅಜ್ಜಾ, ಹೌ ಡಸ್ ಎ ಡ್ರಾಫ್ಟ್ ಲಾಟರಿ ವರ್ಕ್?" ಎಂದು ಕೇಳಿದ.

ಮಾವಶಿ ಆಗಷ್ಟೇ ಹಚ್ಚಿದ ಅವಲಕ್ಕಿಯ ಬೋಗುಣಿ ತಂದಿಟ್ಟಿದ್ದಳು. ಕಾಕಾ ಅದನ್ನು ತಮ್ಮ ಮುಂದೆ ಎಳೆದುಕೊಂಡರು.

"ನೋಡಲೇ. ವರ್ಷದಾಗ ಎಷ್ಟ್ ದಿನ ಅವ, ಅಷ್ಟ್ ಚೀಟಿ. ಒಂದೊಂದು ಚೀಟಿ ಮ್ಯಾಲೆ ಒಂದೊಂದು ತಾರೀಖು. ಒಂದೊಂದು ಸಣ್ಣ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ, ಎಲ್ಲಾ ಒಂದು ಗಾಜಿನ ಭರಣಿಗೆ ಸುರುವಿದ್ರು. ಟೀವಿ ಮುಂದ ಒಬ್ಬೊಬ್ರು ಬಂದು ಕೈ ಹಾಕಿ ತಗೀತಿದ್ರು. ಮೊದಲ ಬಂದ ತಾರೀಖಿನ್ಯಾಗ ಹುಟ್ಟಿದವ ಮೊದಲ ಸೈನ್ಯಕ್ಕ ಹೋಗಬೇಕು. ಕಡೀಕ ಬಂದವ ಮನ್ಯಾಗ."

"ದಟ್ಸ್ ಫೇರ್, ಅಲ್ವಾ?" ಎಂದ ಮಗ.

"ಫೇರ್?" ಕಾಕಾ ಶೇಂಗಾದ ಡಬ್ಬಿಯನ್ನು ಬೋಗುಣಿಯ ಮೇಲೆ ಬೋರಲು ಹಾಕಿದರು. "ಈಗ ಕಲಸಲಾರ್ದ ಒಂದು ಮುಷ್ಟಿ ತಗೋ."

ಮಗ ತೆಗೆದ. ಕೈತುಂಬ ಶೇಂಗಾ.

"ಜನವರಿ ಮೊದಲ ಹಾಕಿದ್ರು, ಅದು ತಳಕ್ಕ ಹೋತು. ಡಿಸೆಂಬರ್ ಕಡೀಕ ಹಾಕಿದ್ರು, ಮ್ಯಾಲ ಉಳೀತು. ಛಂದಗೆ ಕಲಸಲಿಲ್ಲ. ನಾ ಯಾವಾಗ ಹುಟ್ಟೀನಿ ಹೇಳು?"

"ಡಿಸೆಂಬರ್!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಕಾಕಾ ಹೊಟ್ಟೆ ಕುಲುಕಿಸಿ ನಕ್ಕರು. ಮಾವಶಿ ಮಾತ್ರ, "ನನ್ನ ಅವಲಕ್ಕಿ ಕೆಡಿಸಿದ್ರಿ ನೋಡ್ರಿ" ಎಂದು ಬೋಗುಣಿ ಕಸಿದುಕೊಂಡಳು.

ನಗು ನಿಂತ ಮೇಲೆ ಮಗ ಮೆಲ್ಲಗೆ ಹೇಳಿದ, ಇಂಗ್ಲಿಷಿನಲ್ಲಿ: ತಾನು ಕೆನಡಾದ ಮೀಸಲು ಪಡೆಗೆ ಸೇರಬೇಕೆಂದಿದ್ದೇನೆ. ಕಾಲೇಜು ಓದುತ್ತಲೇ ವಾರಾಂತ್ಯದಲ್ಲಿ ತರಬೇತಿ. ಹದಿನೆಂಟಾಗಿಲ್ಲವಾದ್ದರಿಂದ ಅಮ್ಮನ ಒಪ್ಪಿಗೆಯ ಸಹಿ ಬೇಕು.

ಅವನ ಅಪ್ಪ ತೀರಿಕೊಂಡ ಮೇಲೆ ನನಗಿರುವವನು ಇವನೊಬ್ಬನೇ. ಆದರೆ ಮರುಗಳಿಗೆಯೇ ಧೈರ್ಯವೂ ಬಂತು. ಸೈನ್ಯ ಬೇಡವೆಂದು ದೇಶವನ್ನೇ ಬಿಟ್ಟುಬಂದ ಮನುಷ್ಯ ಎದುರಿಗೇ ಕೂತಿದ್ದಾರೆ. ಇವನನ್ನು ತಡೆಯಲು ಇನ್ನಾರು ಬೇಕು?

"ಕಾಕಾ, ನೀವರ ಬುದ್ಧಿ ಹೇಳ್ರಿ ಇವಂಗ" ಎಂದೆ.

ಕಾಕಾ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡರು. "ಒಂದ ಮಾತು ಕೇಳ್ತೀನಿ. ಮನಸಿದ್ದು ಹೊಂಟೀಯೋ, ಅಂಜಿ ಹೊಂಟೀಯೋ?"

ಮಗ ತಡವರಿಸಿದ. "ಐ ಮೀನ್... ನಾಳೆ ಅವರೇ ಬಂದು ಕರ್ಕೊಂಡು ಹೋಗೋ ಬದಲು, ಮೊದಲೇ ನಾನೇ ಹೋದ್ರೆ..."

"ಅಂಜಿ ಹೊಂಟ್ರ, ಭರಣಿ ಇಡೂಕಿಂತ ಮೊದಲ ನಿನ್ನ ಚೀಟಿ ಎದ್ದಂಗ ಆತು. ಈ ದೇಶದಾಗ ಈಗ ಯಾವ ಲಾಟರೀನೂ ಇಲ್ಲ. ಹೋಗು, ವಿಚಾರ ಮಾಡಿ ಬಾ. ಮನಸಿದ್ರ ನಾನ ಕಾರಿನ್ಯಾಗ ಬಿಟ್ಟು ಬರ್ತೀನಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಕಾಕಾ ಹಿಂದೆಯೇ ಬಂದರು.

"ಬಿಟ್ಟು ಬರ್ತೀನಿ ಅಂತೀರಲ್ಲ ಕಾಕಾ! ನೀವು ಓಡಿ ಬಂದವರು."

"ಓಡಿ ಬಂದೆ, ಖರೇ" ಎಂದರು. "ಸರ್ಕಾರ ಹೋಗು ಅಂತು. ನಮ್ಮಪ್ಪ ಹಳೇ ಸಿಪಾಯಿ, ಅವನೂ ಹೋಗು ಅಂದ. ನಮ್ಮವ್ವ ಬ್ಯಾಡ ಅಂತ ಅತ್ತಳು. ನಿಂಗ ಏನ್ ಬೇಕಲೇ ಅಂತ ಒಬ್ರೂ ಕೇಳಲಿಲ್ಲ. ಈ ಹುಡುಗನ್ನ ಯಾರರ ಕೇಳಬೇಕಲ್ಲ?"

ಮಗನನ್ನು ಕರೆದುಕೊಂಡು ಮನೆಗೆ ಹೊರಟುಬಂದೆ. ಕಾಕಾ ಫೋನ್ ಮಾಡಿದರೂ ಆ ವಾರ ನಾನು ಎತ್ತಲಿಲ್ಲ.

ಮುಂದಿನ ರವಿವಾರ ಮಗನೇ ಜಾರ್ಜ್‌ಟೌನಿಗೆ ಹೋಗೋಣವೆಂದ. ಬಾಗಿಲಲ್ಲಿ ನಿಂತೇ, ನಡುನಡುವೆ ಕನ್ನಡ ಹುಡುಕುತ್ತ ಹೇಳಿದ: "ಅಜ್ಜಾ, ನಂಗೆ ಭಯ ಇಲ್ಲ. ಯುದ್ಧ ಬೇಕು ಅಂತಲ್ಲ. ಕಾಡಿಗೆ ಬೆಂಕಿ ಬಿದ್ದಾಗ, ಫ್ಲಡ್ ಬಂದಾಗ, ಅವರು ಹೋಗ್ತಾರಲ್ಲ, ಅವರ ಜೊತೆ ನಾನೂ ಇರ್ಬೇಕು. ಯುದ್ಧ ಬಂದ್ರೆ ಅದೂ ಇರುತ್ತೆ ಅಂತ ಗೊತ್ತು. ಓದಿದೀನಿ, ಯೋಚನೆ ಮಾಡಿದೀನಿ. ಐ ವಾಂಟ್ ಟು ಗೋ."

ಅವನು ಇಷ್ಟು ಉದ್ದಕ್ಕೆ ನನ್ನ ಮುಂದೆ ಎಂದೂ ಮಾತಾಡಿರಲಿಲ್ಲ. ಹುಡುಗನ ಮುಖ ನೋಡುತ್ತ ನಿಂತೆ. ಅದರಲ್ಲಿ ಹಟವಿರಲಿಲ್ಲ, ನಾಟಕವಿರಲಿಲ್ಲ. ಕಾಕಾ ನನ್ನ ಕಡೆ ನೋಡಲೂ ಇಲ್ಲ. ತೀರ್ಮಾನ ನನ್ನದೆಂದು ಹಿತ್ತಲಿಗೆ ಹೊರಟುಹೋದರು. ಆವತ್ತು ಅವರ ಊಟದ ಮೇಜಿನ ಮೇಲೆಯೇ ಸಹಿ ಮಾಡಿದೆ. ಮಾವಶಿ ಹೆಗಲ ಮೇಲೆ ಕೈಯಿಟ್ಟು, "ಶಾಣ್ಯಾಕಿ ಅದಿ" ಎಂದಳು.

ಕಾಕಾ ಮಾತು ಉಳಿಸಿಕೊಂಡರು. ತರಬೇತಿಯ ಮೊದಲ ದಿನ ತಮ್ಮ ಹಳೆಯ ಕಾರಿನಲ್ಲಿ ಅವನನ್ನು ಬಿಟ್ಟುಬಂದರು, ದಾರಿಯುದ್ದಕ್ಕೂ ಹಾಡು ಹೇಳಿಕೊಂಡು. ತರಬೇತಿ ಮುಗಿದ ದಿನದ ಕವಾಯತಿಗೆ ನಾವೆಲ್ಲ ಹೋದೆವು. ಸಾಲಾಗಿ ನಡೆದುಬಂದ ಹುಡುಗ ಹುಡುಗಿಯರಲ್ಲಿ ನನ್ನ ಮಗನನ್ನು ನಾನು ಗುರುತಿಸುವ ಮೊದಲೇ ಕಾಕಾ ಎದ್ದು ನಿಂತಿದ್ದರು. ಸುತ್ತಲಿನವರು ಮರ್ಯಾದೆಯಿಂದ ಚಪ್ಪಾಳೆ ತಟ್ಟುತ್ತಿದ್ದರೆ ಇವರು ಎರಡೂ ಕೈ ಮೇಲೆತ್ತಿ, "ಭಾರಿ ಆತಲೇ! ಭಾರಿ!" ಎಂದು ಮೈದಾನಕ್ಕೆ ಕೇಳುವಂತೆ ಕೂಗಿದರು. ಮುಂದಿನ ಸಾಲಿನ ಅಧಿಕಾರಿ ತಿರುಗಿ ನೋಡಿದ. ಗಾಂಭೀರ್ಯದಿಂದ ನಡೆಯಬೇಕಾದ ನನ್ನ ಮಗ ತುಟಿ ಕಚ್ಚಿ ನಗು ತಡೆಯುತ್ತಿದ್ದುದು ನನಗೆ ಸ್ಪಷ್ಟವಾಗಿ ಕಂಡಿತು. ಅಷ್ಟು ಸಂತೋಷದ ದಿನ ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಕಳೆದ ವಸಂತದಲ್ಲಿ ಕಾಕಾ ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಮಗ ವಾರಾಂತ್ಯದ ತರಬೇತಿಯಿಂದ ನೇರವಾಗಿ ಬಂದ. ಸಮವಸ್ತ್ರದಲ್ಲಿದ್ದವನಿಗೆ ಒಳಗೆ ಬರಲು ಸಂಕೋಚ. ಸೈನ್ಯವೇ ಬೇಡವೆಂದು ಬಂದವರ ಮನೆಗೆ ಆ ಉಡುಪಿನಲ್ಲಿ ಹೇಗೆ ಬರುವುದೆಂದು, ಕಾರಿನಲ್ಲೇ ಬಟ್ಟೆ ಬದಲಿಸಿ ಬರುತ್ತೇನೆಂದು ನನಗೆ ಫೋನ್ ಮಾಡಿದ. ಪಕ್ಕದಲ್ಲಿದ್ದ ಮಾವಶಿ ಕೇಳಿಸಿಕೊಂಡು ಫೋನ್ ಇಸಿದುಕೊಂಡಳು.

"ಹಂಗ ಬಾರಪ್ಪಾ" ಎಂದಳು. "ಆ ಅರಿವಿ ನೀನ ಆರಿಸಿಕೊಂಡಿದ್ದು ಅಂತ ಓಣಿ ತುಂಬ ಹೇಳಿಕೊಂಡು ಅಡ್ಡಾಡ್ಯಾರ ಅವರು."

ಅವನು ಹಾಗೆಯೇ ಬಂದು ಅವರ ಪಕ್ಕ ಕೂತ.