ಎರಡು ಚಮಚ ಉಪ್ಪು

ಬೀದಿಯವರು ಅವಳನ್ನು ಅಳತೆಯಮ್ಮ ಎಂದು ಕರೆಯುತ್ತಿದ್ದರು. ಗಂಡ ದರ್ಜಿ. ಬಟ್ಟೆ ಅಳೆಯುವುದು ಅವನ ಕಸುಬು, ಮಿಕ್ಕಿದ್ದೆಲ್ಲ ಅಳೆಯುವುದು ಇವಳ ಚಾಳಿ. ಅಕ್ಕಿಗೊಂದು ಲೋಟ, ಬೇಳೆಗೊಂದು ಬಟ್ಟಲು, ಉಪ್ಪಿಗೊಂದು ಸ್ಟೀಲ್ ಚಮಚ. ಚಮಚ ತುಂಬಿ, ಮೇಲೆ ಬೆರಳಾಡಿಸಿ ಸಮ ಮಾಡದೆ ಒಂದು ದಿನವೂ ಪಾತ್ರೆಗೆ ಉಪ್ಪು ಹಾಕಿದವಳಲ್ಲ.

ದರ್ಜಿಯ ಕಾಲು ಊದಿಕೊಂಡಾಗ ಡಾಕ್ಟರು ಬಿ.ಪಿ. ನೋಡಿ ಹುಬ್ಬುಗಂಟಿಕ್ಕಿದರು. “ಉಪ್ಪು ಕಡಿಮೆ ಮಾಡಿ. ಕಾಲು ಹೀಗೇ ಇದ್ರೆ ಮಿಷನ್ ತುಳಿಯೋದು ಬಿಡಬೇಕಾಗುತ್ತೆ.”

ನಲವತ್ತು ವರ್ಷ ತುಳಿದ ಕಾಲು! ಅಂದೇ ಅಳತೆಯಮ್ಮ ಮನೆಯ ಅಡುಗೆಗೆ ಮೂರು ಚಮಚವಿದ್ದ ಉಪ್ಪನ್ನು ಎರಡಕ್ಕಿಳಿಸಿದಳು. ಕಲ್ಲುಪ್ಪು ಒರಟು, ನಯವಾದದ್ದೇ ಒಳ್ಳೆಯದೇನೋ ಎಂದು ಪುಡಿ ಉಪ್ಪು ತರಿಸಿ, ಅದುವರೆಗೆ ಬಳಸುತ್ತಿದ್ದ ಕಲ್ಲುಪ್ಪಿನ ಜಾಡಿಯನ್ನು ಅಟ್ಟಕ್ಕೇರಿಸಿದಳು. ದಿನಾ ಬೆಳಿಗ್ಗೆ ಗಂಡನ ಟೇಪನ್ನೇ ಅವನ ಪಾದದ ಗಂಟಿಗೆ ಸುತ್ತಿ ನೋಡುವಳು. ಹತ್ತೂವರೆ ಇಂಚು. ಹದಿನೈದು ದಿನ ಕಳೆದರೂ ಅದೇ ಹತ್ತೂವರೆ.

ಗಂಡ ಊಟ ಮಾಡುವ ರೀತಿಯೇ ಅವಳಿಗೆ ಅನುಮಾನ ತಂದಿತು. ಉಪ್ಪು ಕಡಿಮೆಯಾದವನು ಸಿಡಿಮಿಡಿ ಎನ್ನಬೇಕಲ್ಲ? ಇವನು ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದ.

“ಸಪ್ಪೆ ಅನ್ನಿಸ್ತಿಲ್ವೇನ್ರೀ?”

“ಚೆನ್ನಾಗೇ ಇದೆಯಲ್ಲೇ. ನಿನ್ನ ಕೈಗುಣ!”

ಕೈಗುಣವಂತೆ! ಯಾರ ಕೈಯೋ? ಅಡುಗೆಮನೆಗೆ ಕಾಲಿಡುವ ಇನ್ನೊಬ್ಬಳು ಎಂದರೆ ಸೊಸೆ. ಮಾವ ಎಂದರೆ ಅವಳಿಗೆ ಜೀವ. ಅಳತೆಯಮ್ಮ ಡಬ್ಬಿಯ ಉಪ್ಪನ್ನು ಸಮ ಮಾಡಿ ಕಡ್ಡಿಯಿಂದ ಗೆರೆ ಎಳೆದಿಟ್ಟಳು. ಗೆರೆ ಅಳಿಸಿಹೋಗಲಿಲ್ಲ. ಮುಚ್ಚಳಕ್ಕೆ ನೂಲು ಕಟ್ಟಿದಳು. ಗಂಟು ಸಡಿಲವಾಗಲಿಲ್ಲ. ಕೊನೆಗೆ ಡಬ್ಬಿಯನ್ನೇ ಟ್ರಂಕಿನಲ್ಲಿಟ್ಟು ಬೀಗ ಜಡಿದಳು. ಕಾಲು ಮಾತ್ರ ಒಂದು ನೂಲಿನಷ್ಟೂ ಇಳಿಯಲಿಲ್ಲ. ಒಂದು ದಿನ ಸೊಸೆಯ ಸೆರಗಿನ ಗಂಟನ್ನೂ ಬಿಚ್ಚಿಸಿದಳು. ಸಿಕ್ಕಿದ್ದು ಎರಡು ಲವಂಗ.

ಸೊಸೆಗೆ ರೇಗಿಹೋಯಿತು. “ಬಾಯಿಬಿಟ್ಟು ಕೇಳಿ ಅತ್ತೆ. ನಾನು ಕದ್ದು ಉಪ್ಪು ಹಾಕ್ತೀನಿ ಅಂತ ತಾನೇ?”

“ನಾನು ಹಾಗಂದ್ನಾ? ಬೀಗದ ಕೈ ನನ್ನ ಸೊಂಟದಲ್ಲಿದೆ. ಆದ್ರೂ ರುಚಿ ಹಾಗೇ ಇದೆ, ಕಾಲೂ ಹಾಗೇ ಇದೆ. ಇದೇನು ಮಾಯಾನೋ ನೀನೇ ಹೇಳು.”

“ಬೀಗದ ಕೈ ನಿಮ್ಮ ಹತ್ರ ಇದ್ರೆ ಹಾಕ್ತಿರೋರೂ ನೀವೇ! ಬದಲಾಗಿದ್ದು ಉಪ್ಪೊಂದೇ ಅಲ್ವಾ?” ಎಂದವಳೇ ಸೊಸೆ ಅಟ್ಟದಿಂದ ಕಲ್ಲುಪ್ಪಿನ ಜಾಡಿ ಇಳಿಸಿದಳು. “ಅಳೀರಿ, ನೋಡೋಣ.”

ಅಳತೆಯಮ್ಮ ಒಂದು ಚಮಚ ಕಲ್ಲುಪ್ಪು ತುಂಬಿ ಸಮ ಮಾಡಿದಳು. ಸೊಸೆ ಅದನ್ನು ಕುಟ್ಟಾಣಿಗೆ ಹಾಕಿ ನುಣ್ಣಗೆ ಕುಟ್ಟಿ, ತಿರುಗಿ ಅದೇ ಚಮಚಕ್ಕೆ ಸುರಿದಳು. ಚಮಚ ತುಂಬಲಿಲ್ಲ. ಮೂರರಲ್ಲಿ ಒಂದು ಪಾಲು ಖಾಲಿ.

“ಚೆಲ್ಲಿದ್ದೀಯ!” ಎಂದು ಅತ್ತೆ ಕುಟ್ಟಾಣಿಯೊಳಗೆ ಇಣುಕಿದಳು, ನೆಲ ತಡಕಿದಳು, ಸೊಸೆಯ ಅಂಗೈ ಬಿಡಿಸಿ ನೋಡಿದಳು. ಆಮೇಲೆ ತಾನೇ ಇನ್ನೊಂದು ಚಮಚ ಕುಟ್ಟಿದಳು. ಆಗಲೂ ಅಷ್ಟೇ ಬಂತು. ಹರಳುಗಳ ಸಂದಿಯ ಗಾಳಿಯನ್ನೂ ಅವಳು ಇಷ್ಟು ವರ್ಷ ಉಪ್ಪೆಂದೇ ಅಳೆದಿದ್ದಳು. ಪುಡಿಯಲ್ಲಿ ಅಷ್ಟು ಸಂದಿಯಿಲ್ಲ. ಎರಡು ಚಮಚ ಪುಡಿ ಎಂದರೆ ಹಳೆಯ ಮೂರೇ ಚಮಚ. ಒಂದು ಹರಳೂ ಕಡಿಮೆಯಾಗಿರಲಿಲ್ಲ.

ಅಂದು ಒಂದೇ ಚಮಚ ಪುಡಿ ಉಪ್ಪು ಬಿತ್ತು. ಬೇಳೆ ಇಳಿಸಿದ ಮೇಲೆ ಹುರಿದ ಜೀರಿಗೆಪುಡಿ ಉದುರಿಸಿ, ನಿಂಬೆ ಹಿಂಡಿದರು. ಬೇಳೆ ಒಲೆಯ ಮೇಲಿರುವಾಗಲೇ ನಿಂಬೆ ಹಿಂಡಿದರೆ ಕಹಿಯಾಗುತ್ತದೆ. ಹುಳಿ ಇದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಆದರೂ ದರ್ಜಿ ಮೊದಲ ತುತ್ತಿಗೇ ಮುಖ ಸಿಂಡರಿಸಿದ.

“ಇದೇನೇ, ಸಪ್ಪೆ! ಯಾರು ಮಾಡಿದ್ದು?”

“ನಾನೇ!” ಎಂದಳು ಅಳತೆಯಮ್ಮ, ಬಹುಮಾನ ಬಂದವಳ ಹಾಗೆ.

ಹತ್ತನೆಯ ಬೆಳಿಗ್ಗೆ ಟೇಪು ಹತ್ತೂಕಾಲು ತೋರಿಸಿತು. ಅವಳು ಬಿಚ್ಚಿ ಮತ್ತೆ ಸುತ್ತಿದಳು, ಕಿಟಕಿಯ ಬೆಳಕಿಗೆ ಹಿಡಿದಳು, ಕೊನೆಗೆ ಸೊಸೆಯನ್ನು ಕೂಗಿದಳು.

“ಬಾರೇ ಇಲ್ಲಿ, ನೀನೊಂದ್ಸಲ ಹಿಡಿದು ನೋಡು. ನನ್ನ ಅಳತೆ ಮೇಲೆ ನನಗೇ ಅನುಮಾನ.”