ಕಲ್ಲಿನಲ್ಲಿ ಇಲ್ಲದ ಸಾಲು

ನಮ್ಮಣ್ಣ ಸಮಾಧಿಯ ಕಲ್ಲು ಕೆತ್ತುವವನು. ದೇವರ ವಿಷಯದಲ್ಲಿ ಮೊದಲು ‘ಇಲ್ಲ’ ಎನ್ನುತ್ತಿದ್ದ, ಆಮೇಲೆ ‘ಗೊತ್ತಿಲ್ಲ’ ಎನ್ನುತ್ತಿದ್ದ, ಈಗ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ಬೀದಿಯವರಿಗೆ ಇದೊಂದು ತಮಾಷೆ. ನಡುವಿನ ಕಾಲದಲ್ಲಿ ಅವರಿಟ್ಟ ‘ಗೊತ್ತಿಲ್ಲಣ್ಣ’ ಎಂಬ ಅಡ್ಡಹೆಸರು ಇವತ್ತಿಗೂ ಹೋಗಿಲ್ಲ. ನಗುವವರು ನಗಲಿ, ನಾನು ಮಾತ್ರ ನಗುವ ಹಾಗಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಸಂಶಯಪಡದೆ ಮೂರನೆಯ ಬೆಂಚಿನಲ್ಲಿ ಕೂತು ಹಾಡಿದವಳು ನಾನು. ಆದರೂ ಈ ಕಥೆಯಲ್ಲಿ ತಲೆ ತಗ್ಗಿಸಬೇಕಾದವಳು ನಾನೇ.

ಅಂಗಡಿ ನಮ್ಮ ಮನೆಯ ಮುಂಭಾಗದಲ್ಲೇ ಇದೆ. ತಗಡಿನ ಚಾವಣಿ, ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದ ಕಲ್ಲು, ಒಳಕೋಣೆಯಲ್ಲಿ ನನ್ನ ಹೊಲಿಗೆ ಮಷೀನು. ಅಪ್ಪನ ಕಾಲದಿಂದ ನಮ್ಮಲ್ಲೊಂದು ನಿಯಮ. ಕೆತ್ತನೆ ಮುಗಿದ ಮೇಲೆ ಸತ್ತವರ ಮನೆಯವರೊಬ್ಬರು ಬಂದು, ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ಅವರು ‘ಸರಿಯಿದೆ’ ಎಂದ ಮೇಲೇ ಕಲ್ಲು ನಿಲ್ಲುವುದು. “ಕಾಗದದಲ್ಲಿ ತಪ್ಪಾದ್ರೆ ಹರಿದು ಹಾಕ್ತೀರಿ, ಕಲ್ಲನ್ನ ಏನ್ ಮಾಡ್ತೀರಿ?” ಎನ್ನುತ್ತಿದ್ದರು ಅಪ್ಪ.

ಅಪ್ಪ ಹೋದದ್ದು ಅದೇ ಕಲ್ಲಿನ ಧೂಳಿನಿಂದ. ಎದೆಯೊಳಗೆ ಧೂಳು ಕೂತು, ಒಂದು ವರ್ಷ ದಿಂಬಿಗೆ ಒರಗಿಯೇ ನಿದ್ದೆ ಮಾಡಿದರು. ಪಾದ್ರಿಗಳು ಬಂದು ಪ್ರಾರ್ಥಿಸಿದರು, ಅಮ್ಮ ಉಪವಾಸ ಮಾಡಿದಳು. ಅಣ್ಣನಿಗೆ ಆಗ ಮೂವತ್ತು ವರ್ಷ. ಆ ವರ್ಷವೇ ಅವನು ಎಂಟು ದಿನದ ಮಗುವೊಂದರ ಕಲ್ಲು ಕೆತ್ತಿದ್ದ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಪಾದ್ರಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ: “ಮೇಲೆ ಯಾರೂ ಇಲ್ಲ ಫಾದರ್. ಇದ್ದಿದ್ರೆ ನನಗೆ ಇಷ್ಟು ಕೆಲಸ ಇರ್ತಿರ್ಲಿಲ್ಲ.”

ಅಪ್ಪನ ಕಲ್ಲಿನಲ್ಲಿ ಹೆಸರು, ಇಸವಿ, ಅದರ ಕೆಳಗೆ ‘ಮತ್ತೆ ಕಾಣುವೆವು’ ಎಂದು ಇರಬೇಕು ಅಂತ ಅಮ್ಮನ ಆಸೆ. ಅಮ್ಮನ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿಕೆ, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಣ್ಣ ಹೆಸರು ಕೆತ್ತಿದ, ಇಸವಿ ಕೆತ್ತಿದ, ಅಲ್ಲಿಗೆ ಉಳಿ ಕೆಳಗಿಟ್ಟ.

“ಬೇರೆಯವರಿಗೆ ಅವರು ಹೇಳಿದ್ದು ಕೆತ್ತುತ್ತೀನಿ. ಅಪ್ಪನ ಕಲ್ಲಲ್ಲಿ ಸುಳ್ಳು ಕೆತ್ತಲ್ಲ,” ಎಂದ. “ಅಮ್ಮನಿಗೆ ನಾನೇ ಹೇಳ್ತೀನಿ. ಬೈದ್ರೆ ಬೈಯಲಿ.”

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದಳು. “ನೀನು ಓದೇ, ನನ್ನ ಬೆರಳು ಹಿಡ್ಕೊಂಡು,” ಎಂದು ನನಗೆ ಕೈ ಚಾಚಿದಳು. ಹೆಸರು ಓದಿದೆ. ಇಸವಿ ಓದಿದೆ. “ಆಮೇಲೆ?” ಎಂದಳು. ಮನೆಯಲ್ಲಿ ರಂಪ ಬೇಡ ಅನ್ನಿಸಿತು. ಅಮ್ಮನ ಬೆರಳನ್ನು ಹಿಂದಕ್ಕೆ ತಂದು, ಅದೇ ಇಸವಿಯ ಅಂಕಿಗಳ ಮೇಲೆ ಮೆಲ್ಲಗೆ ಎಳೆಯುತ್ತಾ ‘ಮತ್ತೆ ಕಾಣುವೆವು’ ಎಂದು ಓದಿದೆ. ಅಮ್ಮ ಅಳುತ್ತಾ “ಸರಿಯಿದೆ” ಎಂದಳು. ಅಣ್ಣ ನನ್ನನ್ನೇ ನೋಡಿದ, ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅವನ ತಪ್ಪು ಅಷ್ಟೇ. ಸುಳ್ಳು ನನ್ನದು. ಮರುದಿನ ಭಾನುವಾರ, ನಾನು ಗಂಟಲು ಬಿಚ್ಚಿ ಹಾಡಿದೆ.

ಹನ್ನೊಂದು ವರ್ಷ ಹೀಗೇ ಕಳೆಯಿತು. ಅಮ್ಮ ಸಮಾಧಿಗೆ ಹೋದಾಗಲೆಲ್ಲ ಕಲ್ಲಿನ ನೆತ್ತಿಗೆ ಮುತ್ತಿಡುತ್ತಿದ್ದಳು. ಅವಳ ಕೈ ಕೆಳಗೆ ಇಳಿಯುವ ಮೊದಲೇ ನಾನು “ಬಿಸಿಲಮ್ಮಾ, ಹೋಗೋಣ” ಎನ್ನುತ್ತಿದ್ದೆ. ಮೋಡ ಕವಿದ ದಿನವೂ ಹಾಗೇ ಎಂದಿದ್ದೇನೆ.

ಆ ವರ್ಷಗಳ ನಡುವೆ ಅಣ್ಣನನ್ನು ಅಲ್ಲಾಡಿಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಅವರೂ ದೇವರನ್ನು ನಂಬದವರು. ಬದುಕಿರುವಾಗಲೇ ತಮ್ಮ ಕಲ್ಲಿಗೆ ‘ಇಲ್ಲಿಗೆ ಮುಗಿಯಿತು’ ಎಂದು ಕೆತ್ತಿಸಿದರು. ನಮ್ಮ ನಿಯಮದಂತೆ ಬೆರಳಿಟ್ಟು ಓದಿದರು. ಆದರೆ ‘ಸರಿಯಿದೆ’ ಎನ್ನಲು ನಾಲಿಗೆ ಹೊರಳಲಿಲ್ಲ.

“ಸರಿ ಅಂತ ನಾನು ಹೇಗಯ್ಯಾ ಹೇಳಲಿ? ಇನ್ನೂ ಸತ್ತಿಲ್ವಲ್ಲ,” ಎಂದರು. “ನಿನಗೆ ಗೊತ್ತಾ?”

“ಗೊತ್ತಿಲ್ಲ ಮೇಷ್ಟ್ರೇ,” ಎಂದ ಅಣ್ಣ. ಅವತ್ತಿನಿಂದ ಯಾರೇ ದೇವರ ಮಾತೆತ್ತಿದರೂ ಅದೇ ಉತ್ತರ. ವಾದ ಮಾಡಲು ಬರುತ್ತಿದ್ದವರಿಗೆಲ್ಲ ಬೇಜಾರಾಯಿತು.

ಕೊನೆಗೆ ಅಮ್ಮ ಆಪರೇಷನ್‌ಗೆ ಒಪ್ಪಿದಳು. ಕಣ್ಣಿನ ಪಟ್ಟಿ ಬಿಚ್ಚಿದ ತಕ್ಷಣ ನಮ್ಮಿಬ್ಬರ ಮುಖ ಸವರಿ, “ನಾಡಿದ್ದು ಅಪ್ಪನ ಕಲ್ಲು ನೋಡೋಣ,” ಎಂದಳು. ಮನೆಗೆ ಬಂದು ಅಣ್ಣನ ಕಾಲು ಹಿಡಿಯುವುದೊಂದು ಬಾಕಿ.

“ಹೋಗಿ ಆ ಸಾಲು ಕೆತ್ತಣ್ಣ.”

“ನಂಬದೆ ಕೆತ್ತಲಾ?”

“ಸುಳ್ಳು ಅನ್ನೋಕಾದ್ರೂ ನಿನಗೆ ಗೊತ್ತಾ? ಗೊತ್ತಿಲ್ಲ ಅಲ್ವಾ? ಹಾಗಾದ್ರೆ ಕೆತ್ತು.”

ಅವನ ಪ್ರಾಮಾಣಿಕತೆಯನ್ನೇ ಹಿಡಿದು ಅವನ ಕತ್ತು ಹಿಸುಕಿದೆ. ಹೋಗಿ ಕೆತ್ತಿದ. ಹೊಸ ಅಕ್ಷರ ಬೆಳ್ಳಗೆ ಎದ್ದು ಕಾಣಬಾರದೆಂದು ಟೀ ಸೊಪ್ಪಿನ ನೀರು ಬಳಿದು ಬಂದ.

ಅಮ್ಮ ಕಲ್ಲು ಕೆತ್ತುವವನ ಹೆಂಡತಿಯಾಗಿ ಮೂವತ್ತೈದು ವರ್ಷ ಬದುಕಿದವಳು ಎನ್ನುವುದನ್ನೇ ನಾವು ಮರೆತಿದ್ದೆವು. ಕಲ್ಲಿನ ಮುಂದೆ ನಿಂತು ತುಂಬ ಹೊತ್ತು ನೋಡಿದಳು.

“ಮೇಲಿನದು ಹುಡುಗನ ಕೈ, ಅವಸರದ್ದು,” ಎಂದಳು. “ಈ ಸಾಲು ಪಳಗಿದ ಕೈಯದು. ಟೀ ನೀರೂ ಬಳಿದಿದೀರಿ.” ಆಮೇಲೆ ನನ್ನ ಕಡೆ ತಿರುಗಿದಳು. “ಅವತ್ತು ನೀನು ಏನು ಓದಿದೆ?”

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅಣ್ಣ ಮುಂದೆ ಬಂದ.

“ಕೆತ್ತದೇ ಇದ್ದವನು ನಾನಮ್ಮ. ಹಾಗೆ ಓದು ಅಂತ ಅವಳನ್ನ ಹೆದರಿಸಿದ್ದೂ ನಾನೇ.”

ಅಪ್ಪನ ಕಲ್ಲಿನಲ್ಲಿ ಸುಳ್ಳು ಕೆತ್ತಲಾರೆ ಎಂದವನು ಅದೇ ಕಲ್ಲಿನ ಮುಂದೆ ನನಗೋಸ್ಕರ ಸುಳ್ಳು ಹೇಳಿದ. ನಾನು ಅವನಿಗೆ ಹೇಳಲು ಬಿಟ್ಟು ಸುಮ್ಮನೆ ನಿಂತೆ. ಅಮ್ಮ ಅವನ ತಲೆ ಮೇಲೆ ಕೈಯಿಟ್ಟು, “ಹೋಗ್ಲಿ ಬಿಡು ಮಗಾ,” ಎಂದಳು. “ನನ್ನ ಕಲ್ಲಿಗೆ ಮಾತ್ರ ನಂಬಿಕೆ ಬಂದ ಮೇಲೆ ಕೆತ್ತು. ಬರದಿದ್ರೆ ಜಾಗ ಖಾಲಿ ಬಿಡು.”

ಮುಂದಿನ ಭಾನುವಾರ ಅಣ್ಣ ಚರ್ಚಿಗೆ ಬಂದ. ಯಾಕೆಂದು ಕೇಳಿದೆ. “ಬೈತಾಳೆ ಅಂತ ಹನ್ನೊಂದು ವರ್ಷ ಕಾದಿದ್ದೆ. ಬೈಯಲಿಲ್ಲ. ಅದು ಅವಳಿಗೆ ಎಲ್ಲಿಂದ ಬರುತ್ತೆ ಅಂತ ನೋಡೋಕೆ ಬಂದೆ,” ಎಂದ. ಎರಡು ವರ್ಷ ಹಾಡದೆ ಸುಮ್ಮನೆ ಕೂತ. ಅಮ್ಮ ತೀರಿಕೊಂಡ ಮೇಲೂ ಬಂದ. ಒಂದು ಭಾನುವಾರ ಹಿಂದಿನಿಂದ ಅವನ ಒಡಕು ದನಿ ಕೇಳಿಸಿ, ನನ್ನ ಹಾಡು ಅರ್ಧಕ್ಕೆ ನಿಂತಿತು.

ಮೊನ್ನೆ ಅಮ್ಮನ ಕಲ್ಲಿಗೆ ಆ ಸಾಲು ಕೆತ್ತಿ ಮುಗಿಸಿ, “ಬಾ, ಓದು,” ಎಂದು ನನ್ನನ್ನು ಕರೆದ. ಕೆತ್ತಿದವನನ್ನು ಬಿಟ್ಟರೆ ಮನೆಯವಳೆಂದು ಉಳಿದವಳು ನಾನೊಬ್ಬಳೇ. ಹೆಸರು ಓದಿದೆ, ಇಸವಿ ಓದಿದೆ. ಕೊನೆಯ ಸಾಲಿನ ಮೇಲೆ ಬೆರಳಿಟ್ಟವಳು ಓದದೆ ಅವನ ಕಡೆ ತಿರುಗಿದೆ.

“ಅಣ್ಣ, ಅಮ್ಮನಿಗೆ ನಾನು ಹೇಳಲೇ ಇಲ್ಲ.”

“ಅವಳಿಗೆ ಗೊತ್ತಿತ್ತು ಕಣೇ,” ಎಂದ ಅವನು. “ಒಂದೇ ಅಂಕಿ ಮೇಲೆ ಬೆರಳು ಎರಡು ಸಲ ಹೋಗಿದ್ದು ಅವತ್ತೇ ಗೊತ್ತಾಯ್ತಂತೆ. ಆಸ್ಪತ್ರೇಲಿ ಕೊನೇ ದಿನ ಕೇಳಿದ್ಲು, ‘ಅವಳಾಗೇ ಬಂದು ಹೇಳ್ತಾಳೇನೋ?’ ಅಂತ.”

“ನೀನೇನಂದೆ?”

“ಗೊತ್ತಿಲ್ಲ ಅಂದೆ.”

ನಾನಿನ್ನೂ ‘ಸರಿಯಿದೆ’ ಎಂದಿಲ್ಲ. ಅಮ್ಮನ ಕಲ್ಲು ದಿಮ್ಮಿಗಳ ಮೇಲೇ ಮಲಗಿದೆ.